ಸ್ತುತಿಗೀತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಚರ್ಚಿನ ಹಾಡುಗಳ ಬಗ್ಗೆ ಬೆಂಗಳೂರಿನ ಓದುಗರಿಂದ ಬಂದ ಪತ್ರಗಳಲ್ಲಿ ಎಂಟನ್ನು ಈ ಸಲ ಆರಿಸಿದ್ದೇವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಸೇರಿಸಿ ಒಂದೇ ಪ್ರಶ್ನೆ ಮಾಡಿದ್ದೇವೆ.

ನಮ್ಮ ಯುವಜನ ಸಂಘದವರು ಇಂಗ್ಲಿಷ್ ಸ್ತುತಿಗೀತೆಗಳನ್ನು ಕನ್ನಡಕ್ಕೆ ತರುತ್ತಿದ್ದೇವೆ. ಪುಸ್ತಕದಲ್ಲಿ ರಾಗದ ಹೆಸರಿನ ಪಕ್ಕ 8.6.8.6, 8.7.8.7 ಎಂದು ಇರುವ ಲೆಕ್ಕಕ್ಕೆ ಸರಿಯಾಗಿ ಅಕ್ಷರ ಕೂರಿಸುತ್ತೇವೆ. ಆದರೂ ಹಾಡಿದಾಗ ಕನ್ನಡ ಎಡವಿದಂತೆ ಕೇಳುತ್ತದೆ. ‘ದಿನ’ ಎಂದು ಬರೆದದ್ದು ‘ದೀನ’ ಆಗುತ್ತದೆ. ತಪ್ಪೆಲ್ಲಿ?
— ಕಮ್ಮನಹಳ್ಳಿಯಿಂದ

ಆ ಅಂಕಿಗಳು ಹೇಳುವುದು ಪ್ರತಿ ಸಾಲಿನ ಅಕ್ಷರಗಳ ಸಂಖ್ಯೆಯನ್ನು ಮಾತ್ರ. ಇಂಗ್ಲಿಷಿಗೆ ಅಷ್ಟು ಸಾಕು, ಏಕೆಂದರೆ ಅಲ್ಲಿ ಪದ್ಯ ನಿಲ್ಲುವುದು ಒತ್ತಿನ ಮೇಲೆ. ಕನ್ನಡ ನಿಲ್ಲುವುದು ಕಾಲದ ಮೇಲೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನೀವು ಎಣಿಸಿದ್ದು ಅಕ್ಷರ, ಕಿವಿ ಎಣಿಸುವುದು ಮಾತ್ರೆ. ‘ದಿ’ ಎಂಬ ಲಘುವನ್ನು ಎರಡೆಣಿಕೆಯ ಸ್ವರದ ಮೇಲೆ ಕೂರಿಸಿದರೆ ಅದು ‘ದೀ’ ಆಗದೆ ಇನ್ನೇನಾದೀತು? ಬಲ–ಬಾಲ, ಮನ–ಮಾನ, ಬಿಡು–ಬೀಡು ಜೋಡಿಗಳೆಲ್ಲ ಇದೇ ಹಳ್ಳಕ್ಕೆ ಬೀಳುತ್ತವೆ.

ಎರಡನೆಯ ತೊಡಕು ಸಾಲಿನ ಆರಂಭದಲ್ಲಿದೆ. 8.6.8.6ರ ರಾಗಗಳು ಸಾಮಾನ್ಯವಾಗಿ ತಾಳದ ಪೆಟ್ಟಿಗೆ ಒಂದೆಣಿಕೆ ಮೊದಲೇ, ಸಣ್ಣ ಸ್ವರದಿಂದ ಎತ್ತಿಕೊಳ್ಳುತ್ತವೆ. ಕನ್ನಡ ಪದದ ತೂಕ ಮೊದಲ ಅಕ್ಷರದಲ್ಲಿರುತ್ತದೆ. ‘ದೇವರು’ ಎಂದು ಸಾಲು ಶುರುಮಾಡಿದರೆ ‘ದೇ’ ಸಣ್ಣ ಸ್ವರಕ್ಕೆ ಸಿಕ್ಕಿ, ‘ವ’ದ ಮೇಲೆ ಪೆಟ್ಟು ಬಿದ್ದು, ‘ದೆವಾರು’ ಎಂದು ಕೇಳುತ್ತದೆ. ಇದಕ್ಕೆ ಮದ್ದು ಸುಲಭ. ಓ, ನೀ, ಆ, ಈ ಎಂಬಂಥ ಒಂದಕ್ಷರದ ಮಾತನ್ನು ಮುಂದೆ ಇಡಿ. ಪೆಟ್ಟು ಸರಿಯಾಗಿ ‘ದೇ’ ಮೇಲೆ ಬೀಳುತ್ತದೆ. ಆದರೆ ಪ್ರತಿ ಸಾಲಿಗೂ ‘ಓ’ ಹಾಕಿದರೆ ಹಾಡು ನರಳಿದಂತಾಗುತ್ತದೆ. ಪೆಟ್ಟಿನ ಮೇಲೆಯೇ ಆರಂಭವಾಗುವ ರಾಗವನ್ನು ಹುಡುಕುವುದೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ. 8.7.8.7ರ ಬಹಳಷ್ಟು ರಾಗಗಳು ಹಾಗಿವೆ.

ಅವುಗಳಲ್ಲಿ ಕನ್ನಡಕ್ಕೆ ಹೇಳಿ ಮಾಡಿಸಿದಂಥದ್ದು ‘ಹೈಫ್ರಿಡಾಲ್’. ವೇಲ್ಸ್‌ನ ರೋಲೆಂಡ್ ಪ್ರಿಚರ್ಡ್ 1830ರ ಸುಮಾರಿಗೆ ಕಟ್ಟಿದ ರಾಗ; ಮೂರೆಣಿಕೆಯ ತಾಳ. ಹೆಚ್ಚಿನ ಕಡೆ ಎರಡು ಅಕ್ಷರಕ್ಕೆ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು: ಮೊದಲನೆಯದಕ್ಕೆ ಎರಡೆಣಿಕೆ, ಎರಡನೆಯದಕ್ಕೆ ಒಂದು. ಗುರು, ಲಘು, ಗುರು, ಲಘು. ಮೂರು ಮಾತ್ರೆಯ ಗಣ ನಾಲ್ಕು ಬಂದರೆ ನಮ್ಮ ‘ಉತ್ಸಾಹ ರಗಳೆ’ ಎಂಬ ಛಂದಸ್ಸಿನ ನಡೆ! ಮಾದರಿಗೆಂದು ನಾವೇ ಕಟ್ಟಿದ ನಾಲ್ಕು ಸಾಲು ನೋಡಿ:

ಪ್ರೀತಿರೂಪನಾದ ದೇವ,
ಲೋಕವೆಲ್ಲ ನಿನ್ನದೇ;
ದೂರ ಹೋದ ನಮ್ಮನೆಲ್ಲ
ಮತ್ತೆ ತಂದೆ, ತಂದೆಯೇ.

ಪ್ರೀ-ತಿ, ರೂ-ಪ, ನಾ-ದ, ದೇ-ವ: ಎಂಟು ಅಕ್ಷರ, ನಾಲ್ಕು ಗಣ. ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಏಳೇ ಅಕ್ಷರ. ಕೊನೆಯ ‘ದೇ’, ‘ಯೇ’ ಇಡೀ ಆವರ್ತ ನಿಲ್ಲುತ್ತವೆ. ಇವನ್ನು ‘ನಿನ್ನದು’ ಎಂದು ಮುಗಿಸಿದ್ದರೆ ಅಷ್ಟು ಹೊತ್ತು ಎಲ್ಲರೂ ತುಟಿ ಮುಚ್ಚಿಕೊಂಡು ‘ಉ’ ಎನ್ನಬೇಕಿತ್ತು. ಕನ್ನಡದ ಬಹಳಷ್ಟು ಪದಗಳು ‘ಉ’ಕಾರಕ್ಕೆ ಮುಗಿಯುತ್ತವೆ, ಉದ್ದ ಸ್ವರಕ್ಕೆ ಅದು ಒಗ್ಗದು. ಸಾಲಿನ ಕೊನೆಗೆ ಆ, ಏ, ಓ ಬರುವಂತೆ ಪದಗಳನ್ನು ತಿರುಗಿಸಿ. ಅಂದಹಾಗೆ ಈ ರಾಗ ಜೋಡಿ ಚರಣದ್ದು; ಒಂದು ಸಲ ಪೂರ್ತಿ ಹಾಡಲು ಇಂಥ ಎಂಟು ಸಾಲು ಬೇಕು.

ಇದೇ ಮಾದರಿಯಲ್ಲಿ ಒಂದು ಅಪಾಯವೂ ಇದೆ. ‘ರೂಪ’ ಆದಮೇಲೆ ಯಾರಾದರೂ ಉಸಿರು ತೆಗೆದುಕೊಂಡರೆ ‘ನಾದ ದೇವ’ ಎಂದು ಕೇಳಿ ಅರ್ಥವೇ ಬೇರೆಯಾಗುತ್ತದೆ. ನಮ್ಮ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡಿರುತ್ತವೆ, ನಡುವೆ ಕತ್ತರಿಸಲಾಗದು. ಆದ್ದರಿಂದ ಹಾಳೆಯಲ್ಲಿ ಉಸಿರಿನ ಜಾಗಕ್ಕೆ ಗುರುತು ಹಾಕಿ ಕೊಡಿ. ಇಲ್ಲಿ ‘ದೇವ’ ಆದಮೇಲೆ.

ಕೆಲಸದ ಕ್ರಮವನ್ನೂ ಬದಲಿಸಬೇಕು. ಇಂಗ್ಲಿಷಿನ ಎಂಟಕ್ಷರದ ಸಾಲಿನಲ್ಲಿ ಆರೇಳು ಪದ ಹಿಡಿಯುತ್ತವೆ. ಕನ್ನಡದ ಎಂಟಕ್ಷರಕ್ಕೆ ಮೂರೋ ನಾಲ್ಕೋ. ಎಲ್ಲವನ್ನೂ ತುರುಕಲು ಹೋದಾಗಲೇ ‘ಕೃಪೆಯಿಂದ್ಲೆ’, ‘ಮಾಡ್ದಾತ’ ಎಂಬ ಒತ್ತರಿಸಿದ ರೂಪಗಳು ಹುಟ್ಟುವುದು. ಮೊದಲು ಇಡೀ ಚರಣದ ಅರ್ಥವನ್ನು ಎರಡು ಸರಳ ವಾಕ್ಯದಲ್ಲಿ ಗದ್ಯವಾಗಿ ಬರೆಯಿರಿ. ಎರಡು ಸಾಲಿಗೆ ಒಂದೇ ಭಾವ ಇಟ್ಟುಕೊಂಡು ಉಳಿದದ್ದನ್ನು ಬಿಡಿ. ಬಳಿಕ ಮೂಲವನ್ನು ಮುಚ್ಚಿಟ್ಟು, ಚಪ್ಪಾಳೆಯ ಎಣಿಕೆಗೆ ಕನ್ನಡವನ್ನು ಮಾತಿನಂತೆ ಹೇಳುತ್ತ ಸಾಲು ಕಟ್ಟಿ. ಮುಗಿದ ಮೇಲೆ ಹಾಳೆ ನೋಡಿರದ ಒಬ್ಬರನ್ನು ಕೂರಿಸಿ, ಹಾಡಿ, ಕೇಳಿದ್ದನ್ನು ಅವರು ಬರೆದುಕೊಳ್ಳಲಿ. ಅವರು ತಪ್ಪಾಗಿ ಬರೆದ ಜಾಗವೇ ನೀವು ತಿದ್ದಬೇಕಾದ ಜಾಗ. ಮನೆಯ ಅಜ್ಜಿಯನ್ನೇ ಕೂರಿಸಿದರೆ ಇನ್ನೂ ಒಳ್ಳೆಯದು. ಕೊನೆಯ ಸಾಲಿನ ಬೆಂಚಿನಲ್ಲಿ ಪುಸ್ತಕವಿಲ್ಲದೆ ಹಾಡುವವರು ಅವರೇ.

ಬೆಳಗಿನ ಆರಾಧನೆಯಲ್ಲಿ ಹಿರಿಯರೂ ಗಂಡಸರೂ ಅರ್ಧ ಹಾಡಿಗೇ ಸುಮ್ಮನಾಗುತ್ತಾರೆ. ಶ್ರುತಿ ಎಷ್ಟಿರಬೇಕು? ನಮ್ಮಲ್ಲಿ ಕೀಬೋರ್ಡೂ ಹಳೆಯ ಹಾರ್ಮೋನಿಯಮ್ಮೂ ಇವೆ. ಎರಡೂ ಒಟ್ಟಿಗೆ ನುಡಿದರೆ ಕಿವಿ ಚುರುಗುಟ್ಟುತ್ತದೆ.
— ಹಲಸೂರಿನಿಂದ

ಹಾಡಿನ ಅತಿ ಎತ್ತರದ ಸ್ವರ ಎಲ್ಲಿ ಬೀಳುತ್ತದೆ ಎಂಬುದನ್ನು ಮೊದಲು ನೋಡಿ, ಆಮೇಲೆ ಶ್ರುತಿ ಹಿಡಿಯಿರಿ. ಸಭೆಗೆ ಆ ಮೇಲಿನ ಸ್ವರ, ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ, ಡಿ ದಾಟಬಾರದು. ಬೆಳಗಿನ ಏಳಕ್ಕೆ ಗಂಟಲು ಇನ್ನೂ ತೆರೆದಿರುವುದಿಲ್ಲ, ಸಿ ಸಾಕು. ಹೈಫ್ರಿಡಾಲ್ ರಾಗ ಷಡ್ಜದಿಂದ ಆರೇ ಸ್ವರದೊಳಗೆ ಮುಗಿಯುತ್ತದೆ. ಎಫ್, ಅಂದರೆ ನಾಲ್ಕು ಕಟ್ಟೆಗೆ ಹಿಡಿದರೆ ಮೇಲಿನ ಸ್ವರ ಡಿ. ಆದರೆ ಕೆಳಪಂಚಮದಿಂದ ಮೇಲಿನ ಪಂಚಮದವರೆಗೆ ಇಡೀ ಸ್ಥಾಯಿ ಓಡಾಡುವ ರಾಗವನ್ನು ಜಿ, ಐದು ಕಟ್ಟೆಗೆ ಹಿಡಿದರೆ ಡಿ, ಎಫ್‌ಗೆ ಇಳಿಸಿದರೆ ಸಿ. ತೀರಾ ಇಳಿಸಿದರೂ ತೊಂದರೆಯೇ; ಕೆಳಗಿನ ಎ ಮುಟ್ಟಿದರೆ ಹೆಂಗಸರ ದನಿ ಗಾಳಿಯಾಗುತ್ತದೆ. ವೇದಿಕೆಯ ಮೇಲಿನ ಗಾಯಕರ ಗಂಟಲಿಗೆ ಯಾವುದು ಚೆಂದ ಎಂಬುದು ಇಲ್ಲಿ ಅಳತೆಯಲ್ಲ.

ಕೀಬೋರ್ಡಿನ ಎ ಸ್ವರ ಸಾಮಾನ್ಯವಾಗಿ ಸೆಕೆಂಡಿಗೆ 440 ಕಂಪನಕ್ಕೆ (ಎ = 440) ಇರುತ್ತದೆ. ಹಳೆಯ ಹಾರ್ಮೋನಿಯಮ್ ರೀಡುಗಳು ಅದಕ್ಕಿಂತ ತುಸು ಮೇಲೋ ಕೆಳಗೋ ಇರುತ್ತವೆ. ರೀಡ್ ಕೆರೆದು ಶ್ರುತಿ ಮಾಡುವುದು ನುರಿತವರ ಕೆಲಸ, ನೀವು ಮುಟ್ಟಬೇಡಿ. ಕೀಬೋರ್ಡಿನ ಟ್ಯೂನಿಂಗ್ ಸೆಟ್ಟಿಂಗ್‌ಗೆ ಹೋಗಿ, ಎರಡರಲ್ಲೂ ಒಂದೇ ಮನೆ ಒತ್ತಿ ಹಿಡಿದು, ‘ವಾಂವ್ ವಾಂವ್’ ಎಂಬ ಅಲೆ ನಿಧಾನವಾಗಿ ನಿಲ್ಲುವವರೆಗೆ ಕೀಬೋರ್ಡನ್ನು ಸರಿಸಿ. ಇನ್ನೊಂದು: ಹಿಂದಿನ ಹಾಡಿಗೆ ಒತ್ತಿದ, ಶ್ರುತಿ ಏರಿಳಿಸುವ ಟ್ರಾನ್ಸ್‌ಪೋಸ್ ಗುಂಡಿಯನ್ನು ಸೊನ್ನೆಗೆ ತರಲು ಮರೆತರೆ ಮುಂದಿನ ಹಾಡು ಗಿಟಾರಿನವರ ಜೊತೆ ಡಿಕ್ಕಿ ಹೊಡೆಯುತ್ತದೆ. ಪ್ರತಿ ಹಾಡಿನ ಮುಂದೆ ಟ್ರಾನ್ಸ್‌ಪೋಸ್ ಅಂಕಿಯನ್ನೂ ಬರೆದಿಟ್ಟುಕೊಳ್ಳಿ.

ಸಭೆ ಯಾವಾಗಲೂ ವಾದ್ಯಕ್ಕಿಂತ ಅರ್ಧ ಎಣಿಕೆ ಹಿಂದೆ. ನಾಲ್ಕನೇ ಚರಣಕ್ಕೆ ಬರುವಾಗ ಹಾಡು ಮಲಗಿಬಿಟ್ಟಿರುತ್ತದೆ. ಜನ ಆಸಕ್ತಿಯಿಂದ ಹಾಡುವುದಿಲ್ಲವೇ?
— ಕೆಂಗೇರಿಯಿಂದ

ಜನರ ಆಸಕ್ತಿಯಲ್ಲಿ ಕೊರತೆ ಹುಡುಕಬೇಡಿ. ಇದು ಗಾಳಿಯ ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮುಂದಿರುವ ವಾದ್ಯದಿಂದ 30 ಮೀಟರ್ ಹಿಂದಿರುವವರಿಗೆ ಅದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ. ಅವರು ಕೇಳಿದ ಕೂಡಲೇ ಹಾಡಿದರೂ ಆ ದನಿ ಮುಂದಕ್ಕೆ ಬರಲು ಮತ್ತೆ ಅಷ್ಟೇ ಹೊತ್ತು. ವಾದ್ಯದವರು ‘ಸಭೆ ಬರಲಿ’ ಎಂದು ಕಾದರೆ ಸಭೆ ಇನ್ನಷ್ಟು ಕಾಯುತ್ತದೆ. ಹೀಗೆ ಚರಣಕ್ಕೊಂದಿಷ್ಟು ವೇಗ ಸೋರುತ್ತದೆ.

ವಾದ್ಯದವರು ಹಿಂದಿನ ದನಿಗೆ ಕಿವಿಗೊಡದೆ ತಮ್ಮ ಎಣಿಕೆಯಲ್ಲೇ ನಡೆಯಬೇಕು. ಮೂರೆಣಿಕೆಯ ಸ್ತುತಿಗೀತೆಗೆ ನಿಮಿಷಕ್ಕೆ 80ರಿಂದ 90 ಎಣಿಕೆ ಸರಿ. ಎತ್ತರದ ಸೂರಿನ ಕಲ್ಲು ಕಟ್ಟಡದಲ್ಲಿ ದನಿ ಬಹಳ ಹೊತ್ತು ಗುಂಯ್‌ಗುಡುವುದರಿಂದ 76ಕ್ಕೆ ಇಳಿಸಿ. ಪೀಠಿಕೆಯಾಗಿ ಹಾಡಿನ ಕೊನೆಯ ಸಾಲನ್ನು ಅದೇ ವೇಗದಲ್ಲಿ ನುಡಿಸಿ. ಪೀಠಿಕೆ ನಿಧಾನ, ಹಾಡು ಜೋರು ಎಂದಾದರೆ ಮೊದಲ ಸಾಲಿನಲ್ಲೇ ಎಲ್ಲರೂ ಎಡವುತ್ತಾರೆ. ಚರಣಗಳ ನಡುವೆ ಬಿಡುವ ಅಂತರ ಪ್ರತಿ ಸಲವೂ ಒಂದೇ ಇರಲಿ, ಒಂದು ಆವರ್ತವೆಂದರೆ ಒಂದೇ ಆವರ್ತ. ಸಭೆ ಹೆದರುವುದು ಯಾವಾಗ ಎತ್ತಿಕೊಳ್ಳಬೇಕೆಂದು ಗೊತ್ತಾಗದಾಗ. ಮೈಕ್ ವ್ಯವಸ್ಥೆ ಇದ್ದರೆ ಸಭಾಂಗಣದ ನಡುವೆ ಎರಡು ಸಣ್ಣ ಸ್ಪೀಕರ್ ಕೂರಿಸಿ. ತಂತಿಯಲ್ಲಿ ಸಂಕೇತ ತಡವಿಲ್ಲದೆ ಹೋಗುತ್ತದೆ. ಗಾಯನ ಮಂಡಳಿಯ ಮೂರ್ನಾಲ್ಕು ಜನ ಹಿಂದಿನ ಬೆಂಚುಗಳಲ್ಲಿ ಕೂತು ಹಾಡಿದರೂ ಬಹಳ ವ್ಯತ್ಯಾಸವಾಗುತ್ತದೆ.

ಒಂದೇ ಹಾಡು. ನಮ್ಮ ಚರ್ಚಿನಲ್ಲಿ ಒಂದು ರಾಗ, ಅತ್ತೆಯ ಮನೆಯವರ ಚರ್ಚಿನಲ್ಲಿ ಇನ್ನೊಂದು. ಯಾವುದು ಸರಿ?
— ಚಾಮರಾಜಪೇಟೆಯಿಂದ

ಎರಡೂ. ಅಕ್ಷರದ ಅಳತೆಯೂ ಪೆಟ್ಟು ಬೀಳುವ ಜಾಗವೂ ಹೊಂದಿದರೆ ಒಂದೇ ಪದ್ಯವನ್ನು ಬೇರೆ ಬೇರೆ ರಾಗಕ್ಕೆ ಹಾಡಬಹುದು. ಆ ಅಂಕಿಗಳನ್ನು ಅಚ್ಚು ಹಾಕುವುದೇ ಅದಕ್ಕಾಗಿ. ಹಡ್ಸನ್ ವೃತ್ತದ ಚರ್ಚಿನ ಮೂಲ ವೆಸ್ಲಿಯನ್ ಮಿಷನ್, ಅವೆನ್ಯೂ ರಸ್ತೆಯ ರೈಸ್ ಚರ್ಚಿನ ಮೂಲ ಲಂಡನ್ ಮಿಷನ್. ದಕ್ಷಿಣ ಭಾರತ ಸಭೆ (ಸಿಎಸ್‌ಐ) ಎಂಬ ಒಂದೇ ಸೂರು ಬಂದದ್ದು 1947ರ ಸೆಪ್ಟೆಂಬರ್ 27ರಂದು. ಬೇರೆ ಬೇರೆ ಮನೆಗಳಿಂದ ಬಂದವರು ಬೇರೆ ಬೇರೆ ರಾಗ ತರುವುದು ಸಹಜ. ಮದುವೆ, ಅಂತ್ಯಸಂಸ್ಕಾರದಂಥ ಕಡೆ ಎರಡೂ ಸಭೆಯವರು ಸೇರಿದಾಗ ಮಾತ್ರ, ವಾದ್ಯದವರು ಮೊದಲ ಸಾಲನ್ನು ಪೂರ್ತಿ ನುಡಿಸಿ ತೋರಿಸಲಿ.

ಪಾಶ್ಚಾತ್ಯ ರಾಗವೇ ಬೇಕೆಂದೂ ಇಲ್ಲ. ಪಲ್ಲವಿ, ಚರಣಗಳಿರುವ ನಮ್ಮ ಕೀರ್ತನೆಗಳಿಗೆ ಒಂದು ದೊಡ್ಡ ಅನುಕೂಲವಿದೆ. ಪಲ್ಲವಿ ಮತ್ತೆ ಮತ್ತೆ ಬರುವುದರಿಂದ ಓದು ಬಾರದವರೂ ಎರಡನೇ ಸಲಕ್ಕೆ ಸೇರಿಕೊಳ್ಳುತ್ತಾರೆ. ಫರ್ಡಿನಾಂಡ್ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಹೇಳಿದ್ದು ಇಲ್ಲಿನ ಛಂದಸ್ಸಿನಲ್ಲೇ. 1875ರಲ್ಲಿ ಅವರು ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ನಿಘಂಟಿಗೆ ಮೊದಲೇ ಛಂದಸ್ಸಿಗೆ ಕೈಹಾಕಿದ ಅವರ ದಾರಿ ಇಂದು ಹಾಡು ಬರೆಯುವವರಿಗೂ ಸರಿಯಾದ ದಾರಿ.

ತಪಸ್ಸುಕಾಲದಲ್ಲಿ ಬಲಿಪೂಜೆಗೆ ಯಾವ ಸ್ತುತಿಗೀತೆ ಬಿಡಬೇಕು?
— ಶಿವಾಜಿನಗರದಿಂದ

ತಪಸ್ಸುಕಾಲವೆಂದರೆ ಈಸ್ಟರಿಗೆ ಮುಂಚಿನ ಪಶ್ಚಾತ್ತಾಪದ ದಿನಗಳು; ಬಲಿಪೂಜೆ ಎಂದರೆ ಕಥೋಲಿಕರ ಮಾಸ್. ‘ಅಲ್ಲೆಲೂಯ’ ಬೂದಿ ಬುಧವಾರದಿಂದ ಪಾಸ್ಖ ಜಾಗರಣೆಯವರೆಗೆ, ಅಂದರೆ ಈಸ್ಟರಿನ ಮುನ್ನಾರಾತ್ರಿಯ ಪೂಜೆಯವರೆಗೆ, ಎಲ್ಲಿಯೂ ಇಲ್ಲ. ಶುಭಸಂದೇಶದ ಮುನ್ನ ಬೇರೆ ಘೋಷಣೆ ಹಾಡಿ. ಹಾಡಿನ ನಡುವೆ ಆ ಪದ ಅಡಗಿರುತ್ತದೆ, ಪಟ್ಟಿ ಮಾಡುವಾಗ ಎಲ್ಲ ಚರಣ ಓದಿ ನೋಡಿ. ಗ್ಲೋರಿಯಾ ಮಹಿಮಾಗೀತೆಯೂ ಇಲ್ಲ. ಆದರೆ ಮಾರ್ಚ್ 19ರ ಸಂತ ಜೋಸೆಫರ ಹಬ್ಬ, 25ರ ಮಂಗಳವಾರ್ತೆಯ ಹಬ್ಬ, ಪವಿತ್ರ ಗುರುವಾರದ ಸಂಜೆ ಹಾಡಬಹುದು. ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ. ಕೃಪೆ, ಕರುಣೆಯ ಗೀತೆಗಳಿಗೆ ಅಡ್ಡಿಯಿಲ್ಲ. ಆ ಕಾಲ ಇರುವುದೇ ಅವುಗಳಿಗೆ.

ಗುಲಾಮರ ಹಡಗಿನ ಕಪ್ತಾನ ಬಿರುಗಾಳಿಗೆ ಸಿಕ್ಕಿ, ಆ ರಾತ್ರಿಯೇ ಮನಸ್ಸು ತಿರುಗಿ, ಕೂಡಲೇ ‘ಅಮೇಜಿಂಗ್ ಗ್ರೇಸ್’ ಬರೆದ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಿಜವೇ? ಅದರ ರಾಗವನ್ನು ನಮ್ಮ ಸ್ವರದಲ್ಲಿ ಬರೆಯಬಹುದೇ?
— ಯಲಹಂಕದಿಂದ

ಬಿರುಗಾಳಿ ನಿಜ, ಅದು 1748ರ ಮಾರ್ಚ್. ‘ಕೂಡಲೇ’ ಎಂಬುದು ನಿಜವಲ್ಲ. ಜಾನ್ ನ್ಯೂಟನ್ ಕಪ್ತಾನನಾಗಿ ಗುಲಾಮರನ್ನು ಸಾಗಿಸಿದ್ದು ಆ ಬಿರುಗಾಳಿಯ ನಂತರವೇ. 1754ರಲ್ಲಿ ಹಡಗು ಬಿಟ್ಟದ್ದೂ ಕಾಯಿಲೆ ಬಿದ್ದು. 1764ರಲ್ಲಿ ಓಲ್ನಿ ಎಂಬ ಊರಿಗೆ ಪಾದ್ರಿಯಾದ. ಹಾಡು 1773ರ ಹೊಸವರ್ಷದ ದಿನದ ಧರ್ಮೋಪದೇಶಕ್ಕೆಂದು ಬರೆದದ್ದು; ಅಚ್ಚಾದದ್ದು 1779ರಲ್ಲಿ. ಗುಲಾಮರ ವ್ಯಾಪಾರದ ವಿರುದ್ಧ ಅವನು ಪುಸ್ತಿಕೆ ಬರೆದು, ತಾನು ಮಾಡಿದ್ದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1788ರಲ್ಲಿ, ಬಿರುಗಾಳಿಯಾಗಿ ನಲವತ್ತು ವರ್ಷಕ್ಕೆ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಕೃಪೆ ಒಬ್ಬನನ್ನು ನಲವತ್ತು ವರ್ಷ ಬಿಡದೆ ಹಿಂಬಾಲಿಸಿತು ಎಂಬ ನಿಜಸಂಗತಿ ಆ ಕಟ್ಟುಕಥೆಗಿಂತ ದೊಡ್ಡದು. ಆ ಹಡಗುಗಳಲ್ಲಿ ಸತ್ತವರನ್ನೂ ಆ ನಿಜಸಂಗತಿ ಮರೆಯುವುದಿಲ್ಲ.

ಮೂಲದಲ್ಲಿ ಆರು ಚರಣ. ಇಂದು ಕೊನೆಗೆ ಹಾಡುವ ‘ಹತ್ತು ಸಾವಿರ ವರುಷ’ದ ಚರಣ ಅವನದಲ್ಲ, ಆಮೇಲೆ ಸೇರಿದ್ದು. ಈಗಿನ ರಾಗವೂ ಅವನು ಕೇಳಿದ್ದಲ್ಲ. ‘ನ್ಯೂ ಬ್ರಿಟನ್’ ಎಂಬ ಆ ರಾಗವನ್ನು ಈ ಪದ್ಯಕ್ಕೆ ಜೋಡಿಸಿದ್ದು 1835ರಲ್ಲಿ, ಅಮೆರಿಕದ ವಿಲಿಯಂ ವಾಕರ್.

ಸ್ವರಕ್ಕೆ ಬಂದರೆ, ಅದರಲ್ಲಿರುವುದು ಐದೇ ಸ್ವರ: ಸ ರಿ ಗ ಪ ದ. ನಮ್ಮ ಮೋಹನ ರಾಗದ ಸ್ವರಗಳೇ. ಮೊದಲ ಸಾಲು ಮೂರೆಣಿಕೆಯಲ್ಲಿ ಹೀಗೆ (ಎತ್ತುಗಡೆಯ ಪ, ಕೊನೆಯ ದ ಮತ್ತು ಪ ಮಂದ್ರದವು, ಅಡ್ಡಗೆರೆ ಒಂದೆಣಿಕೆಯ ಎಳೆತ, ‘ಗಸ’ ಒಂದೇ ಎಣಿಕೆಯಲ್ಲಿ):

ಪ | ಸ – ಗಸ | ಗ – ರಿ | ಸ – ದ | ಪ –

ಮೋಹನವೆಂದು ಗಮಕ (ಸ್ವರವನ್ನು ಓಲಾಡಿಸುವುದು) ತುಂಬಲು ಹೋಗಬೇಡಿ. ನೂರು ಜನರ ಗಮಕ ನೂರು ಥರ ಆಗಿ ಸ್ವರವೇ ಕಲಸಿಹೋಗುತ್ತದೆ. ಒಬ್ಬರೇ ಹಾಡುವ ಚರಣಕ್ಕೆ ಇರಲಿ.

ಕೃಪೆ, ದಯೆ, ಕರುಣೆ ಮೂರೂ ಒಂದೇ ಅಲ್ಲವೇ? ‘ದೇವರ ಪ್ರೀತಿ ಎಲ್ಲರಿಗೂ’ ಎಂದು ಹಾಡುತ್ತಾರಲ್ಲ, ‘ಎಲ್ಲರೂ’ ಎಂದರೆ ಕ್ರೈಸ್ತರೆಲ್ಲರೂ ಎಂದೋ, ನಾವೂ ಎಂದೋ?
— ಬಸವನಗುಡಿಯಿಂದ

ಕರುಣೆ ನೋವು ಕಂಡಾಗ ಕರಗುವುದು. ದಯೆ, ಶಿಕ್ಷಿಸಬಹುದಾದವನು ಶಿಕ್ಷಿಸದಿರುವುದು. ಕೃಪೆ ಎಂದರೆ ಪಡೆಯುವವರ ಯೋಗ್ಯತೆ ನೋಡದೆ ಕೊಡುವುದು. ದಿನಬಳಕೆಯಲ್ಲಿ ಇವು ಬೆರೆಯುತ್ತವೆ, ಚರ್ಚಿನ ಹಾಡಿನಲ್ಲಿ ಮಾತ್ರ ಬೆರೆಸಬಾರದು. ಪ್ರಾಸಕ್ಕೆಂದು ಕೃಪೆಯ ಜಾಗಕ್ಕೆ ದಯೆ ಹಾಕಿದರೆ ಹಾಡು ಹೇಳುವ ಸಂಗತಿಯೇ ಬದಲಾಗುತ್ತದೆ. ಬೈಬಲಿನ ಕೀರ್ತನೆ 136ರಲ್ಲಿ ‘ಆತನ ಕೃಪೆ ಶಾಶ್ವತ’ ಎಂಬ ಭಾವದ ಪಲ್ಲವಿ 26 ವಚನಗಳಲ್ಲೂ ಬರುತ್ತದೆ. ಒಬ್ಬರು ಅರ್ಧ ಹೇಳಿ ಉಳಿದವರು ಪಲ್ಲವಿ ಎತ್ತಿಕೊಳ್ಳುವ ರೀತಿಯಲ್ಲಿ ಹಾಡಲು ಅದಕ್ಕಿಂತ ಒಳ್ಳೆಯದಿಲ್ಲ.

‘ಎಲ್ಲರೂ’ ಎಂದರೆ ನೀವೂ. ಎರಡೇ ವಚನಗಳ ಕೀರ್ತನೆ 117 ಸ್ತುತಿಗೆ ಕರೆಯುವುದು ಸಕಲ ಜನಾಂಗಗಳನ್ನು. ಮತ್ತಾಯ 5:45ರಲ್ಲಿ ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಒಂದೇ ಸೂರ್ಯ, ಒಂದೇ ಮಳೆ. ಆ ಪ್ರೀತಿ ಎಲ್ಲರನ್ನೂ ಕೊನೆಗೆ ರಕ್ಷಿಸುತ್ತದೆಯೇ ಎಂಬುದರಲ್ಲಿ ಸಭೆಗಳಿಗೆ ಭಿನ್ನಾಭಿಪ್ರಾಯವಿದೆ. ಕ್ರಿಸ್ತನು ಸತ್ತದ್ದು ದೇವರು ಆರಿಸಿಕೊಂಡವರಿಗಷ್ಟೇ ಅಲ್ಲ, ಎಲ್ಲರಿಗಾಗಿ ಎಂದು ವಾದಿಸಿ ಇಂಗ್ಲಿಷ್ ಸ್ತುತಿಗೀತೆಗಳ ಕವಿ ಚಾರ್ಲ್ಸ್ ವೆಸ್ಲಿ 1741ರಲ್ಲಿ ಒಂದು ಗೀತಸಂಗ್ರಹವನ್ನೇ ತಂದರು. ಪ್ರೀತಿಗೆ ಬೇಲಿಯಿಲ್ಲ ಎಂಬಲ್ಲಿ ನಮಗೆ ಅನುಮಾನವಿಲ್ಲ.

ಬೆಂಗಳೂರಿನ ಅನುವಾದಕರಿಗೆ ಇಲ್ಲೊಂದು ಸೂಕ್ಷ್ಮವಿದೆ. ತಮಿಳಿನಲ್ಲಿ ‘ನಾಂಗಳ್’ ಎಂದರೆ ಕೇಳುವವರನ್ನು ಬಿಟ್ಟು ನಾವು, ‘ನಾಮ್’ ಎಂದರೆ ಅವರನ್ನೂ ಸೇರಿಸಿ. ತೆಲುಗಿನಲ್ಲಿ ‘ಮೇಮು’, ‘ಮನಮು’. ಇಂದಿನ ಕನ್ನಡಕ್ಕೆ ಎರಡಕ್ಕೂ ‘ನಾವು’ ಒಂದೇ. ಆ ಭಾಷೆಗಳಿಂದ ಹಾಡು ತರುವಾಗ ‘ನಾಮ್’ ಬಂದ ಕಡೆ ಬರೀ ‘ನಾವು’ ಎಂದರೆ ಪಕ್ಕದಲ್ಲಿ ನಿಂತ ಅತಿಥಿ ಹೊರಗುಳಿಯಬಹುದು. ‘ನಾವೆಲ್ಲ’, ‘ನೀವೂ ಬನ್ನಿ’ ಎಂದು ಬಿಡಿಸಿ ಹೇಳಿ.

ಚರ್ಚಿನ ವಾರ್ಷಿಕೋತ್ಸವಕ್ಕೆ 60 ಹಾಡುಗಳ ಪುಸ್ತಿಕೆ ಅಚ್ಚು ಹಾಕಿಸಿ, ಕೆಲವನ್ನು ಯೂಟ್ಯೂಬಿಗೂ ಹಾಕಬೇಕೆಂದಿದ್ದೇವೆ. ಹಳೆಯ ಹಾಡುಗಳಿಗೆ ಅನುಮತಿ ಬೇಕೇ?
— ರಾಜಾಜಿನಗರದಿಂದ

ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಕರ್ತೃವಿನ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ. ಹದಿನೆಂಟನೇ ಶತಮಾನದ ಇಂಗ್ಲಿಷ್ ಪದ್ಯಕ್ಕೆ ಯಾರ ಅನುಮತಿಯೂ ಬೇಡ. ಆದರೆ ಅದರ ಕನ್ನಡ ಅನುವಾದ ಬೇರೆಯೇ ಕೃತಿ. ಅನುವಾದಕರು 1985ರಲ್ಲಿ ತೀರಿಕೊಂಡಿದ್ದರೆ ಹಕ್ಕು 2045ರ ಕೊನೆಯವರೆಗೆ ಇರುತ್ತದೆ. ಜನ ಎಡವುವುದು ಇಲ್ಲೇ. ಪದ, ರಾಗ, ಅನುವಾದ ಮೂರನ್ನೂ ಬೇರೆ ಬೇರೆ ನೋಡಿ.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ನಿಜವಾದ ಧಾರ್ಮಿಕ ವಿಧಿಯಲ್ಲಿ ಹಾಡುವುದಕ್ಕೆ ವಿನಾಯಿತಿ ಕೊಡುತ್ತದೆ, ಹಾಗಾಗಿ ಆರಾಧನೆಯಲ್ಲಿ ಹಾಡಲು ಅಂಜಬೇಕಿಲ್ಲ. ಪುಸ್ತಿಕೆ ಮುದ್ರಿಸುವುದು, ಬೇರೆಯಾಗಿ ಧ್ವನಿಮುದ್ರಿಸಿ ಯೂಟ್ಯೂಬಿಗೆ ಹಾಕುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ಅರವತ್ತು ಹಾಡಿಗೂ ಒಂದು ಪಟ್ಟಿ ಮಾಡಿ: ಹಾಡಿನ ಮೊದಲ ಸಾಲು, ಬರೆದವರು, ಅನುವಾದಿಸಿದವರು, ತೀರಿಕೊಂಡ ವರ್ಷ, ರಾಗದ ಹೆಸರು. ಖಾಲಿ ಉಳಿದ ಕಡೆ ಆ ಹಾಡು ಮೊದಲು ಅಚ್ಚಾದ ಪುಸ್ತಕದ ಪ್ರಕಾಶಕರಿಗೆ ಪತ್ರ ಬರೆಯಿರಿ. ಒಪ್ಪಿಗೆ ಬರಹದಲ್ಲಿರಲಿ, ಅದರಲ್ಲಿ ಎಷ್ಟು ಪ್ರತಿ, ಮಾರಾಟಕ್ಕೋ ಉಚಿತವೋ ಎಂಬುದೂ ಇರಲಿ. ಉತ್ತರಕ್ಕೆ ತಿಂಗಳುಗಳೇ ಹಿಡಿಯಬಹುದು, ಪ್ರೆಸ್ಸಿಗೆ ಕೊಡುವ ದಿನಾಂಕವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಮೂಲ ಕವಿಯ ಹೆಸರಿನ ಜೊತೆ ಕನ್ನಡಕ್ಕೆ ತಂದವರ ಹೆಸರನ್ನೂ ಪ್ರತಿ ಹಾಡಿನ ಕೆಳಗೆ ಅಚ್ಚು ಹಾಕಿಸಿ.